ಷರತ್ತು ಎಂಬ ಪದ, ಎರಡು ಕಾಗದಗಳು

ಇಂಗ್ಲಿಷಿನಲ್ಲಿ ಸಿದ್ಧವಾಗಿ ಬರುವ ಸಾಲಪತ್ರ, ಬಾಡಿಗೆ ಕರಾರು, ಗುತ್ತಿಗೆ ಒಪ್ಪಂದಗಳನ್ನು ಕನ್ನಡಕ್ಕೆ ತರುವುದು ಹಲವು ವರ್ಷಗಳಿಂದ ನನ್ನ ಕೆಲಸ. ಕಳೆದ ವರ್ಷ, ಸೌರಫಲಕ ಅಳವಡಿಸುವವರಿಗೆ 25 ವರ್ಷದ ಗುತ್ತಿಗೆಗೆ ಜಮೀನು ಕೊಡಲು ಹೊರಟಿದ್ದ ರೈತರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು, ಅಂಥದೊಂದು ಪತ್ರವನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅವರು ನಡುವೆ ಎಲ್ಲಿಯೂ ಬಾಯಿ ಹಾಕದೆ, ಕೊನೆಯ ಪುಟದವರೆಗೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, “ಇದ್ರಲ್ಲಿ ಇಪ್ಪತ್ತೆರಡು ಷರತ್ತು ಅಂತ ಬರ್ದಿದೀರಲ್ಲ ಸ್ವಾಮಿ, ಯಾವ್ದು ತಪ್ಪಿದ್ರೆ ಏನಾಯ್ತದೆ ಅಂತ ಒಂದೊಂದಾಗಿ ಹೇಳಿ” ಎಂದರು.

ನಾನು ಪತ್ರವನ್ನು ಮತ್ತೆ ಮೊದಲಿನಿಂದ ನೋಡಿದೆ. ‘ಷರತ್ತುಗಳು’ ಎಂಬ ತಲೆಬರಹದ ಕೆಳಗೆ ನಾನೇ ಅಂಕಿ ಹಾಕಿ ಇಳಿಸಿದ್ದ 22 ಕಲಮುಗಳಲ್ಲಿ ಆ ಪ್ರಶ್ನೆಗೆ ಉತ್ತರವಿದ್ದದ್ದು ನಾಲ್ಕರಲ್ಲಿ ಮಾತ್ರ. ಉಳಿದವುಗಳಲ್ಲಿ ಕೆಲವು ಗುತ್ತಿಗೆ ಹಣ ಯಾವ ತಿಂಗಳು, ಯಾವ ಖಾತೆಗೆ ಸಂದಾಯವಾಗುತ್ತದೆ ಎಂಬುದನ್ನು ತಿಳಿಸುತ್ತಿದ್ದವು. ಕೆಲವು ಜಮೀನಿನ ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆಗಳನ್ನು, ವಿವರಿಸುತ್ತಿದ್ದವು. ಇನ್ನು ಕೆಲವು, ಉಭಯಪಕ್ಷಗಳೂ ಪರಸ್ಪರ ಸೌಹಾರ್ದದಿಂದ ನಡೆದುಕೊಳ್ಳತಕ್ಕದ್ದು ಎಂಬಂಥ ಸದಾಶಯದ ಮಾತುಗಳು. ಅವೆಲ್ಲವನ್ನೂ ಷರತ್ತು ಎಂದು ಕರೆದವನು ನಾನು. ಮೂಲದಲ್ಲಿದ್ದ ‘ಟರ್ಮ್ಸ್ ಅಂಡ್ ಕಂಡಿಷನ್ಸ್’ ಎಂಬ ಜೋಡಿಪದವನ್ನು ಕಂಡೊಡನೆ ಕೈ ತಾನಾಗಿಯೇ ‘ಷರತ್ತುಗಳು’ ಎಂದು ಬರೆದುಬಿಟ್ಟಿತ್ತು. ಆ ರೈತರು ಮಾತ್ರ ಆ ಪದವನ್ನು ಅದರ ಪೂರ್ಣಾರ್ಥದಲ್ಲಿ ಕೇಳಿಸಿಕೊಂಡಿದ್ದರು. ಷರತ್ತು ಎಂದರೆ ತಪ್ಪಿದಾಗ ಏನೋ ಒಂದು ಆಗಬೇಕು, ಆ ಏನೋ ಯಾವುದು ಎಂಬುದು ಅವರ ಪ್ರಶ್ನೆ. ಅಂದಿನಿಂದ ಈ ಪದದ ಬಗ್ಗೆ ನಾನು ಓದಿದ್ದನ್ನೂ ಕಂಡದ್ದನ್ನೂ ಒಂದೆಡೆ ಬರೆದಿಡಬೇಕೆಂದುಕೊಂಡಿದ್ದೆ.

ಷರತ್ತು ಕನ್ನಡಕ್ಕೆ ಬಂದದ್ದು ಅರಬ್ಬಿಯಿಂದ. ಅಲ್ಲಿಯ ‘ಶರ್ತ್’ ಪಾರಸಿಯ ಮೂಲಕ ದಖ್ಖನಿನ ಆಡಳಿತದ ಭಾಷೆಗೆ ಇಳಿದು, ವಕೀಲ, ದಾವೆ, ಜಾಮೀನು, ಜಪ್ತಿ, ರಾಜಿ, ಕರಾರು ಮುಂತಾದ ಕಚೇರಿಯ ಮಾತುಗಳ ಜೊತೆಗೆ ನಮ್ಮಲ್ಲಿ ನೆಲೆ ನಿಂತಿತು. ಬಂದ ಪದವನ್ನು ಕನ್ನಡ ತನ್ನ ಬಾಯಿಗೆ ಹೊಂದಿಸಿಕೊಂಡ ರೀತಿ ಸೊಗಸಾಗಿದೆ. ಕೊನೆಯಲ್ಲಿದ್ದ ‘ರ್ತ್’ ಎಂಬ ಒತ್ತನ್ನು ಬಿಡಿಸಿ ನಡುವೆ ಒಂದು ಅಕಾರವನ್ನು ಸೇರಿಸಿತು, ತಕಾರವನ್ನು ದ್ವಿತ್ವ ಮಾಡಿತು, ತುದಿಗೆ ಉಕಾರವನ್ನು ಕೊಟ್ಟಿತು. ತಾಕತ್ತು, ಕಸರತ್ತು, ಮಸಲತ್ತು, ಸವಲತ್ತುಗಳು ತುದಿಯಲ್ಲಿ ಪಡೆದ ರೂಪವೂ ಇದೇ. ಸಂಸ್ಕೃತದ ತಕಾರಾಂತ ಪದಗಳನ್ನು ಸಂಪತ್ತು, ಆಪತ್ತು ಎಂದು ಮಾಡಿಕೊಂಡ ಅಚ್ಚಿನಲ್ಲಿಯೇ ಕನ್ನಡ ಅರಬ್ಬಿಯ ಪದಗಳನ್ನೂ ಎರಕ ಹೊಯ್ದುದರಿಂದ, ಷರತ್ತು ಹೊರಗಿನಿಂದ ಬಂದದ್ದೆಂದು ಇಂದು ಯಾರ ಕಿವಿಗೂ ಅನಿಸುವುದಿಲ್ಲ. ಮೂಲದ ಧ್ವನಿ ‘ಶ’ಕ್ಕೆ ಹತ್ತಿರವಾದರೂ, ಖುಷಿ, ಷೋಕಿಗಳಂತೆ ಇದನ್ನೂ ‘ಷ’ಕಾರದಿಂದ ಬರೆಯುವ ರೂಢಿ ಗಟ್ಟಿಯಾಗಿದೆ. ‘ಶರತ್ತು’ ಎಂಬ ರೂಪವೂ ಅಲ್ಲಲ್ಲಿ ಕಾಣುತ್ತದೆ, ಅದನ್ನು ತಪ್ಪೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಮೂಲದ ಅರ್ಥಕ್ಕೆ ಇನ್ನಷ್ಟು ಆಳವಿದೆ. ಅರಬ್ಬಿಯಲ್ಲಿ ಈ ಧಾತುವಿಗೆ ಗೀರುವುದು, ಸಣ್ಣಗೆ ಕೊಯ್ಯುವುದು ಎಂಬ ಅರ್ಥವೂ ಇದ್ದು, ಶಸ್ತ್ರವೈದ್ಯರ ಚೂರಿಗೆ ಅಲ್ಲಿ ‘ಮಿಶ್ರತ್’ ಎಂದೇ ಹೆಸರು. ಕೊಡುವುದು ಮತ್ತು ಕೊಡದಿರುವುದರ ನಡುವೆ ಗೀರು ಎಳೆಯುವುದೇ ಷರತ್ತಿನ ಕೆಲಸ ಎಂದು ನೆನೆದರೆ ಈ ಎರಡು ಅರ್ಥಗಳು ದೂರದವು ಎನಿಸುವುದಿಲ್ಲ. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಶರ್ತ್ ಮತ್ತು ರುಕ್ನ್ ಎಂಬ ಎರಡು ಪರಿಭಾಷೆಗಳ ನಡುವೆ ಸೂಕ್ಷ್ಮವಾದ ಭೇದವನ್ನು ಮಾಡುತ್ತಾರೆ. ನಮಾಜಿನ ಒಳಗೇ ಸೇರಿರುವ ಬಾಗುವಿಕೆ ರುಕ್ನ್, ಅದರ ಕಂಬ. ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದು ಶುದ್ಧವಾಗುವ ವುಜೂ ಶರ್ತ್. ಅದು ನಮಾಜಿನ ಭಾಗವಲ್ಲ, ಆದರೆ ಅದಿಲ್ಲದೆ ನಮಾಜು ಸಲ್ಲುವುದಿಲ್ಲ. ಷರತ್ತು ಹೊರಗೆ ನಿಂತಿರುತ್ತದೆ, ಒಳಗಿನದು ಸಲ್ಲುವುದೋ ಇಲ್ಲವೋ ಎಂಬುದನ್ನು ಅದು ನಿರ್ಧರಿಸುತ್ತದೆ. ಈ ಪದಕ್ಕೆ ಇದಕ್ಕಿಂತ ಶುಚಿಯಾದ ವಿವರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬಾಜಿ ಎಂಬ ಇನ್ನೊಂದು ಅರ್ಥವೂ ಈ ಪದದ ಜೊತೆಯಲ್ಲಿಯೇ ಬಂದಿದೆ. ಹಿಂದಿಯಲ್ಲಿ ‘ಶರ್ತ್’ ಎಂದರೆ ಇಂದಿಗೂ ನಿಬಂಧನೆಯೂ ಹೌದು, ಪಂಥವೂ ಹೌದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಎತ್ತಿನ ಗಾಡಿ ಓಡಿಸುವ ಸ್ಪರ್ಧೆಗೆ ‘ಶರ್ಯತ್ತು’ ಎನ್ನುತ್ತಾರೆ, ಓಟದ ಪಂದ್ಯಕ್ಕೆ ಮರಾಠಿಯಲ್ಲಿ ಹೇಳುವುದೂ ಇದೇ ಮಾತನ್ನು. ದಕ್ಷಿಣದ ಜಿಲ್ಲೆಗಳಲ್ಲಿ ಈ ಅರ್ಥ ಹೆಚ್ಚಾಗಿ ಉಳಿಯಲಿಲ್ಲ, ಏಕೆಂದರೆ ಪಂಥ, ಪಂದ್ಯ, ಬಾಜಿಗಳು ಆ ಜಾಗವನ್ನು ಆಗಲೇ ತುಂಬಿದ್ದವು. ಎರಡೂ ಅರ್ಥಗಳು ಒಂದೇ ಪದದಲ್ಲಿ ಇರುವುದಕ್ಕೆ ಕಾರಣವಿದೆ. “ಮಳೆ ಬಂದರೆ ನೂರು ರೂಪಾಯಿ ಕೊಡುತ್ತೇನೆ” ಎಂಬ ಮಾತನ್ನು ಕಟ್ಟೆಯ ಮೇಲೆ ಕುಳಿತವರು ಆಡಿದರೆ ಬಾಜಿ, ಬಿತ್ತನೆಗೆ ಆಳು ಗೊತ್ತುಮಾಡುವವರು ಆಡಿದರೆ ಷರತ್ತು. ವಾಕ್ಯದ ಆಕಾರ ಎರಡರಲ್ಲಿಯೂ ಒಂದೇ.

1872ರ ಭಾರತೀಯ ಕರಾರು ಅಧಿನಿಯಮ ಈ ಎರಡು ಅರ್ಥಗಳನ್ನು ಅಕ್ಕಪಕ್ಕದ ಪ್ರಕರಣಗಳಲ್ಲಿ ಇಟ್ಟಿರುವುದನ್ನು ಗಮನಿಸಿದಾಗ ನನಗೆ ಬಹಳ ಸಂತೋಷವಾಯಿತು. 30ನೇ ಪ್ರಕರಣವು ಬಾಜಿಯ ರೂಪದ ಒಪ್ಪಂದಗಳು ಅನೂರ್ಜಿತ, ಅಂದರೆ ಕಾನೂನಿನಲ್ಲಿ ಸಲ್ಲದವು ಎನ್ನುತ್ತದೆ, ಬಾಜಿಯಲ್ಲಿ ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಅದರ ಬೆನ್ನಿಗೇ ಬರುವ 31ನೇ ಪ್ರಕರಣವು, ಕರಾರಿಗೆ ಹೊರತಾದ ಯಾವುದೋ ಘಟನೆ ಸಂಭವಿಸಿದರೆ ಅಥವಾ ಸಂಭವಿಸದಿದ್ದರೆ ಏನನ್ನಾದರೂ ಮಾಡುವ ಅಥವಾ ಮಾಡದಿರುವ ಕರಾರನ್ನು ವಿವರಿಸಿ, ಒಬ್ಬನ ಮನೆ ಸುಟ್ಟುಹೋದರೆ ಇನ್ನೊಬ್ಬನು ಅವನಿಗೆ 10,000 ರೂಪಾಯಿ ಕೊಡುವ ಒಪ್ಪಂದವನ್ನು ದೃಷ್ಟಾಂತವಾಗಿ ಕೊಡುತ್ತದೆ. ವಿಮೆಯ ವ್ಯವಹಾರದ ತಿರುಳು ಇದೇ. ಘಟನೆಯು ಕರಾರಿಗೆ ಹೊರತಾಗಿರಬೇಕು ಎಂಬ ಮಾತನ್ನು ಓದಿದಾಗ, ಹೊರಗೆ ನಿಂತು ಒಳಗನ್ನು ನಿರ್ಧರಿಸುವ ಶರ್ತ್ ನೆನಪಾಯಿತು. ಭಾಷೆ ಒಂದೇ ಪದದಲ್ಲಿ ಕಟ್ಟಿಟ್ಟದ್ದನ್ನು ಕಾನೂನು ಒಂದು ಗೆರೆ ಎಳೆದು ಬೇರೆ ಮಾಡಿದೆ, ಗೆರೆಯ ಒಂದು ಬದಿಯಲ್ಲಿ ಜೂಜು, ಇನ್ನೊಂದು ಬದಿಯಲ್ಲಿ ಭದ್ರತೆ.

ಇನ್ನು ಈ ಪದದ ನೆರೆಹೊರೆ. ಕರಾರು ಎಂದರೆ ನೆಲೆಗೊಂಡದ್ದು, ತೀರ್ಮಾನವಾದದ್ದು; ಎರಡು ಪಕ್ಷಗಳು ಮಾತಾಡಿ ಮುಗಿಸಿದ ಇಡೀ ವಿಷಯಕ್ಕೆ ಆ ಹೆಸರು ಸಲ್ಲುತ್ತದೆ. ನಿಬಂಧನೆ ಎಂದರೆ ಕಟ್ಟು. ಆ ಕರಾರಿನಲ್ಲಿ ಇಬ್ಬರನ್ನೂ ಬಿಗಿಯುವ ಪ್ರತಿಯೊಂದು ಮಾತೂ ನಿಬಂಧನೆ. ನಿಯಮ ಮೇಲಿನಿಂದ ಬರುತ್ತದೆ, ಅದಕ್ಕೆ ನಮ್ಮ ಒಪ್ಪಿಗೆಯ ಹಂಗಿಲ್ಲ. ಷರತ್ತು ನಿಬಂಧನೆಗಳಲ್ಲಿ ಒಂದು ವಿಶೇಷ ಬಗೆ: ‘ಆದರೆ’, ‘ಆಗದಿದ್ದರೆ’ ಎಂಬ ಕೀಲು ಇರುವ ನಿಬಂಧನೆ. ಎಲ್ಲ ಷರತ್ತುಗಳೂ ನಿಬಂಧನೆಗಳು, ಎಲ್ಲ ನಿಬಂಧನೆಗಳೂ ಷರತ್ತುಗಳಲ್ಲ. (ಕರಾರಿನಿಂದಲೇ ತಕರಾರು ಹುಟ್ಟಿತೆಂದು ಹೇಳುವವರನ್ನು ಕಂಡಿದ್ದೇನೆ. ಕನ್ನಡದಲ್ಲಿ ಎರಡೂ ಕಕಾರವೇ ಆದರೂ ಅರಬ್ಬಿಯಲ್ಲಿ ಅವುಗಳ ಧಾತುಗಳು ಬೇರೆ. ತಕರಾರಿನ ಮೂಲ ಅರ್ಥ ಮತ್ತೆ ಮತ್ತೆ ಹೇಳುವುದು, ಪುನರಾವರ್ತನೆ.)

ಎಲ್ಲ ನಿಬಂಧನೆಗಳ ತೂಕವೂ ಒಂದೇ ಅಲ್ಲ ಎಂಬುದನ್ನು 1930ರ ಸರಕು ಮಾರಾಟ ಅಧಿನಿಯಮದ 12ನೇ ಪ್ರಕರಣ ತುಂಬ ಸ್ಪಷ್ಟವಾಗಿ ಹೇಳುತ್ತದೆ. ಕರಾರಿನ ಮುಖ್ಯ ಉದ್ದೇಶಕ್ಕೆ ಅತ್ಯಗತ್ಯವಾದದ್ದು ಷರತ್ತು, ಅದು ಮುರಿದರೆ ಕೊಂಡವರು ಕರಾರನ್ನೇ ಮುರಿದುಬಿದ್ದದ್ದೆಂದು ಭಾವಿಸಿ ಸರಕನ್ನು ತಿರಸ್ಕರಿಸಬಹುದು. ಮುಖ್ಯ ಉದ್ದೇಶಕ್ಕೆ ಪ್ರಾಸಂಗಿಕವಾದದ್ದು ಖಾತರಿ, ಅದು ಮುರಿದರೆ ನಷ್ಟಪರಿಹಾರ ಕೇಳಬಹುದೇ ಹೊರತು ಸರಕನ್ನು ಹಿಂದಿರುಗಿಸುವಂತಿಲ್ಲ. ಕೊಳವೆಬಾವಿಗೆಂದು ಮೂರು ಫೇಸಿನ ಪಂಪನ್ನು ಹೇಳಿ ಕೊಂಡವರ ಮನೆಗೆ ಒಂದು ಫೇಸಿನದು ಬಂದರೆ ಅದು ಮೊದಲನೆಯ ಬಗೆ. ಪಂಪು ಸರಿಯಾಗಿಯೇ ಇದ್ದು, ಜೊತೆಗೆ ಕೊಡುತ್ತೇವೆಂದ ಕೇಬಲ್ಲು ಎರಡು ಮಾರು ಕಡಿಮೆ ಬಂದರೆ ಅದನ್ನು ಬಹುಮಟ್ಟಿಗೆ ಎರಡನೆಯ ಬಗೆಗೆ ಸೇರಿಸುತ್ತಾರೆ. ಅದೇ ಪ್ರಕರಣದ ಕೊನೆಯ ಉಪಪ್ರಕರಣ ಇನ್ನೂ ಮುಖ್ಯ: ಒಂದು ಮಾತು ಷರತ್ತೋ ಖಾತರಿಯೋ ಎಂಬುದು ಇಡೀ ಕರಾರಿನ ಅರ್ಥವನ್ನು ಅವಲಂಬಿಸಿದ್ದು, ಪತ್ರದಲ್ಲಿ ಖಾತರಿ ಎಂದು ಕರೆದಿದ್ದರೂ ಅದು ಷರತ್ತೇ ಆಗಿರಬಹುದು. ನ್ಯಾಯಾಲಯ ಹೆಸರನ್ನು ನೋಡಿ ಮೋಸಹೋಗುವುದಿಲ್ಲ. ಆದರೆ ಪತ್ರಕ್ಕೆ ಹೆಬ್ಬೆಟ್ಟೊತ್ತುವವರು ನ್ಯಾಯಾಲಯಕ್ಕೆ ಹೋಗುವುದು ಎಷ್ಟೋ ವರ್ಷಗಳ ನಂತರ, ಕೈಯಲ್ಲಿದ್ದುದು ಹೋದ ಮೇಲೆ. ಸಹಿ ಹಾಕುವ ದಿನ ಅವರ ಮುಂದಿರುವುದು ಹೆಸರು ಮಾತ್ರ.

ಷರತ್ತು ಯಾವಾಗ ಕೆಲಸ ಮಾಡುತ್ತದೆ ಎಂಬುದರ ಮೇಲೆಯೂ ಅದರ ಸ್ವಭಾವ ಬದಲಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ದೃಷ್ಟಾಂತಗಳು ಇದನ್ನು ಕಥೆಗಳಂತೆ ಹೇಳುತ್ತವೆ. ಗಂಟೆಗೆ ನೂರು ಮೈಲಿ ನಡೆಯಬೇಕೆಂಬ ಷರತ್ತಿನ ಮೇಲೆ ಹೊಲವನ್ನು ಗುತ್ತಿಗೆಗೆ ಕೊಟ್ಟರೆ ಗುತ್ತಿಗೆಯೇ ಅನೂರ್ಜಿತ, ಅಸಾಧ್ಯವಾದದ್ದನ್ನು ಬಾಗಿಲಿಗೆ ಅಡ್ಡ ಇಟ್ಟರೆ ಬಾಗಿಲೇ ಇಲ್ಲವೆಂದು ಲೆಕ್ಕ. ಮೂವರ ಒಪ್ಪಿಗೆ ಪಡೆದು ಮದುವೆಯಾದರೆ ಹಣ ಕೊಡುವುದೆಂದಿದ್ದು, ಮೂವರಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದಿಬ್ಬರ ಒಪ್ಪಿಗೆಯಿಂದ ಮದುವೆಯಾದರೆ ಷರತ್ತು ನೆರವೇರಿದಂತೆಯೇ. ಇವು ಮುಂಚೆಯೇ ಈಡೇರಬೇಕಾದ ಷರತ್ತುಗಳು. ಇನ್ನೊಂದು ದೃಷ್ಟಾಂತದಲ್ಲಿ ಒಬ್ಬನಿಗೆ ಜೀವಿತಾವಧಿಗೆ ಹೊಲವನ್ನು ಕೊಟ್ಟು, ಇಂಥ ಮರಗಳ ತೋಪನ್ನು ಕಡಿದರೆ ಈ ವರ್ಗಾವಣೆ ನಿಂತುಹೋಗುತ್ತದೆ ಎಂದಿದೆ, ಅವನು ತೋಪನ್ನು ಕಡಿಯುತ್ತಾನೆ, ಹೊಲ ಹೋಗುತ್ತದೆ. ಇದು ಕೊಟ್ಟ ನಂತರವೂ ಹಿಂದೆಯೇ ಕಾವಲು ನಡೆಯುವ ಷರತ್ತು. ನಮ್ಮ ಅಜ್ಜಿಯರು ಹೇಳುತ್ತಿದ್ದ ಗಂಗೆ ಮತ್ತು ಶಂತನುವಿನ ಕಥೆಯಲ್ಲಿರುವುದು ಈ ಬಗೆ. ನಾನು ಏನು ಮಾಡಿದರೂ ಪ್ರಶ್ನಿಸಬಾರದು, ಪ್ರಶ್ನಿಸಿದ ದಿನ ಹೊರಟುಹೋಗುತ್ತೇನೆ ಎಂದು ಗಂಗೆ ಮೊದಲೇ ಹೇಳಿದ್ದಳು. ಏಳು ಮಕ್ಕಳನ್ನು ನೀರಿಗೆ ಬಿಟ್ಟಾಗಲೂ ಮೌನವಾಗಿದ್ದ ಅರಸ ಎಂಟನೆಯದಕ್ಕೆ ಬಾಯಿ ತೆರೆದ, ಆಕೆ ನಿಲ್ಲಲಿಲ್ಲ. ಆ ಕಥೆಯಲ್ಲಿ ಎಷ್ಟೊಂದು ದುಃಖವಿದ್ದರೂ ಒಂದು ವಿಷಯದಲ್ಲಿ ಅಸ್ಪಷ್ಟತೆ ಇಲ್ಲ: ತಪ್ಪಿದರೆ ಏನಾಗುತ್ತದೆ ಎಂಬುದು ಅರಸನಿಗೆ ಮೊದಲಿನಿಂದಲೂ ಗೊತ್ತಿತ್ತು.

ನಮ್ಮ ಮನೆಯ ಕಥೆಯಲ್ಲಿ ಅಷ್ಟು ಸ್ಪಷ್ಟತೆ ಇರಲಿಲ್ಲ. ತಿಪಟೂರಿನ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೊಳಗೆ, ಒಂದೇ ದಾರದಿಂದ ಕಟ್ಟಿದ ಎರಡು ಕಾಗದಗಳಿವೆ. ಮೊದಲನೆಯದು 1964ರಲ್ಲಿ ನನ್ನ ತಾತ ಬರೆದುಕೊಟ್ಟ ಶುದ್ಧ ಕ್ರಯಪತ್ರದ ನಕಲು: 20 ಗುಂಟೆ ತೆಂಗಿನ ತೋಟ, ಚೆಕ್ಕುಬಂದಿ, ಕ್ರಯದ ಹಣ ಪೂರಾ ಸಂದಿದೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ, ಸಾಕ್ಷಿಗಳ ರುಜು, ಕೊನೆಗೆ ಬಿಕ್ಕಲಂ ಎಂದು ಬರೆದವರ ಹೆಸರು. ಎರಡನೆಯದು ಅದೇ ದಿನ, ಅದೇ ಕೈಬರಹದಲ್ಲಿ, ಬೇರೆ ಛಾಪಾಕಾಗದದ ಮೇಲೆ ಕೊಂಡವರು ತಾತನಿಗೆ ಬರೆದುಕೊಟ್ಟದ್ದು: ಐದು ವರ್ಷದೊಳಗೆ ಸದರಿ ಮೊಬಲಗನ್ನು ಹಿಂತಿರುಗಿಸಿದಲ್ಲಿ ಸದರಿ ಸ್ವತ್ತನ್ನು ಮರುಕ್ರಯ ಮಾಡಿಕೊಡತಕ್ಕದ್ದು. ನನ್ನ ಸೋದರತ್ತೆಯ ಮದುವೆಗಾಗಿ ಆ ಹಣ ಬೇಕಾಗಿತ್ತು. ತಾತ ಜೀವನದ ಕೊನೆಯವರೆಗೂ ಆ ತೋಟದ ಬಗ್ಗೆ ‘ಅಡ ಇಟ್ಟಿದ್ದು’ ಎನ್ನುತ್ತಿದ್ದರೇ ಹೊರತು ‘ಮಾರಿದ್ದು’ ಎಂದವರಲ್ಲ. ಅವರ ದೃಷ್ಟಿಯಲ್ಲಿ ಅದು ಷರತ್ತಿನ ಕ್ರಯ, ಷರತ್ತು ಇರುವವರೆಗೂ ತೋಟ ತಮ್ಮದೇ.

ಷರತ್ತಿನ ಕ್ರಯ ಎಂಬುದು ಕಾನೂನಿಗೂ ಗೊತ್ತಿರುವ ವ್ಯವಹಾರ. ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಪ್ರಕರಣವು ಅಡಮಾನದ ಬಗೆಗಳನ್ನು ಹೇಳುವಾಗ, ಹೊರನೋಟಕ್ಕೆ ಮಾರಾಟವಾಗಿದ್ದು, ಹಣ ತೀರಿಸಿದರೆ ಸ್ವತ್ತು ಹಿಂದಿರುಗಬೇಕೆಂಬ ಷರತ್ತುಳ್ಳ ಅಡಮಾನವನ್ನೂ ಸೇರಿಸಿದೆ. ಆದರೆ 1929ರಲ್ಲಿ ಅದಕ್ಕೊಂದು ಪರಂತುಕ, ಅಂದರೆ ಮಿತಿ ಹಾಕುವ ಮಾತು, ಸೇರಿತು: ಆ ಷರತ್ತು ಮಾರಾಟದ ಪತ್ರದಲ್ಲಿಯೇ ಅಡಕವಾಗಿರದಿದ್ದರೆ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸತಕ್ಕದ್ದಲ್ಲ. ಒಂದೇ ಕಾಗದದಲ್ಲಿ ಇದ್ದಮಾತ್ರಕ್ಕೆ ಅಡಮಾನವಾಗುತ್ತದೆ ಎಂದಲ್ಲ, ಪಕ್ಷಗಳ ಉದ್ದೇಶವನ್ನೂ ನೋಡುತ್ತಾರೆ. ಆದರೆ ಬೇರೆ ಕಾಗದದಲ್ಲಿ ಇದ್ದರೆ ಆ ಮಾತನ್ನು ಎತ್ತುವಂತೆಯೇ ಇಲ್ಲ. ಅಡಮಾನವಾಗಿದ್ದರೆ ಗಡುವು ಮೀರಿದಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯುವುದಿಲ್ಲ. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನವೇ ಎಂಬುದು ನ್ಯಾಯಾಲಯಗಳ ಹಳೆಯ ಸೂತ್ರ, ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಮಿತಿ ಅಧಿನಿಯಮ 30 ವರ್ಷಗಳ ಅವಧಿಯನ್ನು ಕೊಡುತ್ತದೆ. ಅದೇ ಮರುಕ್ರಯದ ಬರೀ ಕರಾರಾದರೆ ಗಡುವೇ ಅದರ ಜೀವಾಳ, ಗಡುವು ದಾಟಿದರೆ ಹಕ್ಕು ಮುಗಿಯಿತು.

ತಾತ ಹಣ ಹೊಂದಿಸಿಕೊಂಡು ಹೋದದ್ದು ಐದು ವರ್ಷ ತುಂಬಿ ಮೂರು ತಿಂಗಳಾದ ಮೇಲೆ. ಕೊಂಡವರು ಅದನ್ನು ಮುಟ್ಟಲಿಲ್ಲ. ವಕೀಲರೊಬ್ಬರು ಎರಡೂ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಇವು ಒಂದೇ ಕಾಗದವಾಗಿದ್ದರೆ ನಿಮ್ಮ ಪರ ವಾದಿಸುತ್ತಿದ್ದೆ ಎಂದರಂತೆ. ತಾತ ಮನೆಗೆ ಬಂದು ಎರಡನ್ನೂ ಸೇರಿಸಿ ದಾರದಿಂದ ಬಿಗಿದು ಕಟ್ಟಿದರು. ಆ ದಾರವನ್ನು ನಾನು ಬಿಚ್ಚಿ ಓದಿದ್ದೇನೆ, ಓದಿದ ಮೇಲೆ ಅದೇ ಗಂಟಿನಂತೆ ಮತ್ತೆ ಕಟ್ಟಿಟ್ಟಿದ್ದೇನೆ. ಪತ್ರ ಬರೆದವರು ವಂಚಿಸಲೆಂದು ಹಾಗೆ ಬರೆದರೆಂದು ನನಗನ್ನಿಸುವುದಿಲ್ಲ, ಆಗ ಹಳ್ಳಿಗಳಲ್ಲಿ ರೂಢಿ ಹಾಗೆಯೇ ಇತ್ತು. ಆದರೆ ಎರಡನೆಯ ಕಾಗದದಲ್ಲಿ ‘ಹಿಂತಿರುಗಿಸಿದಲ್ಲಿ’ ಎಂಬುದು ಇದೆ, ‘ತಪ್ಪಿದಲ್ಲಿ’ ಎಂಬುದು ಇಲ್ಲ. ತಪ್ಪಿದಲ್ಲಿ ಈ ತೋಟದ ಮೇಲೆ ನಿಮಗೆ ಯಾವ ಹಕ್ಕೂ ಉಳಿಯುವುದಿಲ್ಲ ಎಂಬ ಒಂದು ಸಾಲನ್ನು ಬರೆದು, ಓದಿ ಹೇಳಿದ್ದರೆ, ತಾತ ಹೊಲದ ದನಗಳನ್ನು ಮಾರಿಯಾದರೂ ಮೂರು ತಿಂಗಳು ಮೊದಲೇ ಹೋಗುತ್ತಿದ್ದರು. ಇದನ್ನು ನನ್ನ ತಂದೆ ಅನೇಕ ಬಾರಿ ಹೇಳಿದ್ದಾರೆ.

ಕನ್ನಡಕ್ಕೆ ಷರತ್ತು ಎಂಬ ನಾಮಪದ ಹೊರಗಿನಿಂದ ಬಂದಿರಬಹುದು, ಷರತ್ತನ್ನು ಹೇಳುವ ಸಾಮಗ್ರಿ ಮಾತ್ರ ಭಾಷೆಯ ಕ್ರಿಯಾಪದದೊಳಗೇ ಇದೆ. ‘ಬಂದರೆ’, ‘ಬಾರದಿದ್ದರೆ’, ‘ಕೊಟ್ಟಲ್ಲಿ’, ‘ಕೊಡದಿದ್ದಲ್ಲಿ’ ಎಂಬ ರೂಪಗಳಿಗೆ ಬೇರೆ ಪದದ ನೆರವು ಬೇಕಿಲ್ಲ. ಹಳೆಯ ದಸ್ತಾವೇಜು ಬರಹಗಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಳ್ಳೆಯ ಕೈಯ ಪತ್ರಗಳಲ್ಲಿ ‘ಕೊಡತಕ್ಕದ್ದು’ ಎಂಬುದರ ಬೆನ್ನಿಗೆ ‘ತಪ್ಪಿದಲ್ಲಿ’ ಎಂಬುದು ಬಂದೇ ಬರುತ್ತದೆ, ಒಂದು ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಬರುವ ಹಾಗೆ. ಅದಕ್ಕಿಂತ ಹಿಂದೆ ಶಾಸನಗಳನ್ನು ಬರೆಸಿದವರು ದತ್ತಿಯನ್ನು ವಿವರಿಸಿದ ಮೇಲೆ, ಇದನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ ತಟ್ಟುತ್ತದೆ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದೂ ಇದೇ ಕಾರಣಕ್ಕೆ. ತಪ್ಪಿದರೆ ಏನು ಎಂಬುದನ್ನು ಹೇಳದೆ ಅವರು ದಾನವನ್ನು ಮುಗಿಸುತ್ತಿರಲಿಲ್ಲ.

ಇಂದಿನ ಅನುವಾದದ ಕನ್ನಡದಲ್ಲಿ ಈ ಜಾಗವನ್ನು ‘ಷರತ್ತುಗಳಿಗೆ ಒಳಪಟ್ಟು’ ಎಂಬ ನುಡಿಗಟ್ಟು ಆಕ್ರಮಿಸಿದೆ. ನಾನೂ ಅದನ್ನು ಸಾವಿರ ಸಲ ಬಳಸಿದ್ದೇನೆ, ಮತ್ತು ಬಳಸಿದಷ್ಟೂ ಅದರ ಮೇಲೆ ನನಗೆ ಅಸಮಾಧಾನ ಹೆಚ್ಚಾಗಿದೆ. ಯಾವ ಷರತ್ತು, ಯಾರಿಗೆ, ಎಂದಿನವರೆಗೆ ಎಂಬ ಯಾವುದನ್ನೂ ಹೇಳದೆ ಎಲ್ಲವನ್ನೂ ಹೇಳಿದಂತೆ ಅದು ತೋರಿಸಿಕೊಳ್ಳುತ್ತದೆ. ಅದಕ್ಕೆ ಹೋಲಿಸಿದರೆ ‘ಷರತ್ತಿನ ಮೇಲೆ’ ಎಂಬ ಬಳಕೆ ಎಷ್ಟೋ ಮೇಲು, ಏಕೆಂದರೆ ಅದರ ಹಿಂದೆ ‘ಎಂಬ’ ಎಂದು ಸೇರಿಸಿ ಏನನ್ನಾದರೂ ನಿರ್ದಿಷ್ಟವಾಗಿ ಹೇಳಲೇಬೇಕಾಗುತ್ತದೆ: ಮರಗಳನ್ನು ಕಡಿಯಬಾರದೆಂಬ ಷರತ್ತಿನ ಮೇಲೆ, ಒಳಬಾಡಿಗೆಗೆ ಕೊಡಬಾರದೆಂಬ ಷರತ್ತಿನ ಮೇಲೆ.

ಈ ಪದ ತನ್ನ ಜೊತೆಗೆ ಆರಿಸಿಕೊಳ್ಳುವ ಕ್ರಿಯಾಪದಗಳನ್ನು ನೋಡಿದರೆ ಯಾರು ಮೇಲೆ, ಯಾರು ಕೆಳಗೆ ಎಂಬುದು ತಿಳಿಯುತ್ತದೆ. ಮನೆಯಲ್ಲಿ, ಸ್ನೇಹದಲ್ಲಿ ಷರತ್ತನ್ನು ಹಾಕುತ್ತಾರೆ. ಆಗ ಇನ್ನೊಬ್ಬರು ಒಲ್ಲೆನೆನ್ನಬಹುದು. ಮಾತುಕತೆಗೆ ಕುಳಿತ ಪಕ್ಷಗಳು ಷರತ್ತನ್ನು ಒಡ್ಡುತ್ತವೆ. ನ್ಯಾಯಾಲಯ, ಸರ್ಕಾರ, ಬ್ಯಾಂಕುಗಳು ಷರತ್ತನ್ನು ವಿಧಿಸುತ್ತವೆ, ಅಲ್ಲಿ ಒಲ್ಲೆನೆನ್ನುವ ಅವಕಾಶ ಕಡಿಮೆ. ಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುವ ‘ಷರತ್ತುಬದ್ಧ ಜಾಮೀನು’ ಈ ಮೂರನೆಯ ಬಗೆಯದು: ಸಾಕ್ಷಿಗಳನ್ನು ಬೆದರಿಸಬಾರದು, ಕರೆದಾಗ ಠಾಣೆಗೆ ಹಾಜರಾಗಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು. ಇಲ್ಲಿ ಪದದ ಬಳಕೆ ಕರಾರುವಾಕ್ಕಾಗಿದೆ, ಏಕೆಂದರೆ ತಪ್ಪಿದರೆ ಜಾಮೀನು ರದ್ದಾಗಬಹುದು. ಬೇಷರತ್ ಬೆಂಬಲ, ಬೇಷರತ್ ಕ್ಷಮೆ ಎನ್ನುವಾಗ ಪಾರಸಿಯ ‘ಬೇ’ ಎಂಬ ಪೂರ್ವಪ್ರತ್ಯಯ ಅಂಟಿದೊಡನೆ, ಕನ್ನಡ ಕೊಟ್ಟಿದ್ದ ದ್ವಿತ್ವವೂ ಉಕಾರವೂ ಎಷ್ಟೋ ಸಲ ಕಳಚಿಬೀಳುತ್ತವೆ. ಪದ ತನ್ನ ತವರಿನ ಜೊತೆಗಾರನನ್ನು ಕಂಡಾಗ ತವರಿನ ಉಡುಪನ್ನೇ ತೊಟ್ಟಂತೆ ನನಗೆ ಕಾಣುತ್ತದೆ. ‘ಷರತ್ತುಬದ್ಧ’ದಲ್ಲಿಯೋ ಅರಬ್ಬಿಯ ಪದಕ್ಕೆ ಸಂಸ್ಕೃತದ ಬಾಲ, ಮತ್ತು ಅದು ಯಾರ ನಾಲಗೆಗೂ ತೊಡಕಾಗಿಲ್ಲ.

ಪದ ಸವೆದುಹೋಗಿರುವುದು ಜಾಹೀರಾತುಗಳಲ್ಲಿ. ದಪ್ಪ ಅಕ್ಷರದ ಆಮಿಷದ ತಲೆಯ ಮೇಲೆ ಒಂದು ನಕ್ಷತ್ರ, ಪುಟದ ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಷರತ್ತುಗಳು ಅನ್ವಯ’. ಅವು ಯಾವುವು ಎಂದು ಆ ಪುಟದಲ್ಲಿ ಇರುವುದಿಲ್ಲ. ಹೀಗೆ ಬಚ್ಚಿಟ್ಟ ಷರತ್ತುಗಳನ್ನು ಒಪ್ಪಿಕೊಂಡು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಬಾಡಿಗೆ ಮನೆಗೆ ಹೋಗುವಾಗಲೂ 11 ತಿಂಗಳ ಕರಾರುಪತ್ರವನ್ನು ಓದದೆ ಸಹಿ ಹಾಕುತ್ತೇವೆ. (ಒಂದು ವರ್ಷವನ್ನು ಮೀರಿದ ಬಾಡಿಗೆಯ ಪತ್ರವನ್ನು 1908ರ ನೋಂದಣಿ ಅಧಿನಿಯಮದಂತೆ ನೋಂದಾಯಿಸಬೇಕಾದುದರಿಂದಲೇ ಈ 11ರ ಅಂಕಿ.) ಬೆಂಗಳೂರಿನಲ್ಲಿ ನಾನಿದ್ದ ಮನೆಯೊಂದರ ಪತ್ರದಲ್ಲಿ, ಬಿಡುವಾಗ ಬಣ್ಣ ಬಳಿಯುವ ಖರ್ಚನ್ನು ಮುಂಗಡದಿಂದ ಮುರಿದುಕೊಳ್ಳತಕ್ಕದ್ದು ಎಂದಿತ್ತು, ಎಷ್ಟು ಎಂದಿರಲಿಲ್ಲ. ಆ ಪತ್ರವನ್ನು ಓದಿಯೇ ಸಹಿ ಹಾಕಿದ್ದೆ. ಆದರೂ ಬಿಡುವ ದಿನ ಎರಡು ತಿಂಗಳ ಬಾಡಿಗೆಯಷ್ಟು ಹಣ ಹೋಯಿತು. ಇಂಥ ಏಕಪಕ್ಷೀಯ ಮಾತುಗಳ ವಿಚಾರದಲ್ಲಿ ಕಾನೂನು ಕೈಕಟ್ಟಿ ಕುಳಿತಿಲ್ಲ. ಕರಾರು ಅಧಿನಿಯಮದ 74ನೇ ಪ್ರಕರಣದಂತೆ, ತಪ್ಪಿದರೆ ಇಷ್ಟು ದಂಡ ಎಂದು ಪತ್ರದಲ್ಲಿ ಬರೆದಿದ್ದರೂ ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯಸಮ್ಮತ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಅನ್ಯಾಯದ ಕರಾರು ಎಂಬುದನ್ನು ವಿವರಿಸಿ, ಮಿತಿಮೀರಿದ ಭದ್ರತಾ ಠೇವಣಿ, ತಪ್ಪಿಗೆ ಹೊಂದದ ದಂಡ, ಕಾರಣವಿಲ್ಲದೆ ಒಬ್ಬರೇ ಕರಾರನ್ನು ಮುಗಿಸುವ ಹಕ್ಕು ಮುಂತಾದವುಗಳನ್ನು ಹೆಸರಿಸಿದೆ.

ರೈತರ ಜಗಲಿಗೆ ಹಿಂದಿರುಗುತ್ತೇನೆ. ಅಂದು ಉತ್ತರ ಹೇಳಲಾರದೆ, ಪತ್ರವನ್ನು ಮನೆಗೆ ತಂದು ಮತ್ತೆ ಬರೆದೆ. 22 ಕಲಮುಗಳನ್ನು ಎರಡು ತಲೆಬರಹಗಳ ಕೆಳಗೆ ವಿಂಗಡಿಸಿದೆ: ‘ನಿಬಂಧನೆಗಳು’ ಎಂಬುದರ ಕೆಳಗೆ 18, ‘ಷರತ್ತುಗಳು’ ಎಂಬುದರ ಕೆಳಗೆ 4. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವ ಅಧಿಕಾರ ಅನುವಾದಕನಿಗಿಲ್ಲವಾದ್ದರಿಂದ, ‘ತಪ್ಪಿದಲ್ಲಿ’ ಎಂಬುದು ಇರಬೇಕಾಗಿದ್ದು ಇಲ್ಲದಿದ್ದ ಕಡೆಗಳಲ್ಲಿ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಒಂದೊಂದು ಪ್ರಶ್ನೆಯ ಚಿಹ್ನೆಯನ್ನು ಮಾತ್ರ ಹಾಕಿದೆ. ಅಂಥವು ಆರು. ಗುತ್ತಿಗೆ ಹಣ ಪ್ರತಿ ವರ್ಷ ಏಪ್ರಿಲ್ ಒಳಗೆ ಸಂದಾಯವಾಗತಕ್ಕದ್ದು ಎಂಬ ಕಲಮಿನ ಪಕ್ಕದಲ್ಲಿಯೂ ಒಂದು ಚಿಹ್ನೆಯಿತ್ತು. ಹಣ ಬಾರದಿದ್ದರೆ ಏನು ಎಂಬ ಬಗ್ಗೆ ಇಡೀ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ, ಆದರೆ ರೈತರು ಬೇಲಿಯೊಳಗೆ ದನ ಬಿಟ್ಟರೆ ಏನು ಎಂಬುದು ಐದು ಸಾಲುಗಳಲ್ಲಿತ್ತು.

ಅವರು ಆ ಆರು ಚಿಹ್ನೆಗಳ ಮೇಲೆ ಬೆರಳಿಟ್ಟು, ಪ್ರತಿಯೊಂದನ್ನೂ ಎರಡೆರಡು ಬಾರಿ ಓದಿಸಿಕೊಂಡರು. ಮಗನನ್ನು ಕರೆದು ಅವನಿಗೂ ತೋರಿಸಿದರು. ಪತ್ರವನ್ನು ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಇದಕ್ಕೆ ಸೌರಫಲಕದವರು ಉತ್ತರ ಬರೆದು ಕಳಿಸಲಿ, ಆಮೇಲೆ ನೋಡೋಣ ಎಂದರು. ಒಂದೂವರೆ ತಿಂಗಳ ನಂತರ ತಿದ್ದಿದ ಪತ್ರ ನನ್ನ ಮೇಜಿಗೆ ಬಂತು. ಆರರಲ್ಲಿ ನಾಲ್ಕಕ್ಕೆ ಉತ್ತರವಿತ್ತು. ಏಪ್ರಿಲ್ ಹಣದ ಕಲಮಿನ ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು, ಅದನ್ನು ಕನ್ನಡಕ್ಕೆ ತರುವಾಗ ನಾನು ‘ಒಳಪಟ್ಟು’ ಎಂಬ ಪದದ ಹತ್ತಿರವೂ ಸುಳಿಯಲಿಲ್ಲ: ಸದರಿ ಹಣವು ಗಡುವಿನಿಂದ ತೊಂಬತ್ತು ದಿನಗಳೊಳಗೆ ಸಂದಾಯವಾಗದಿದ್ದಲ್ಲಿ, ಈ ಗುತ್ತಿಗೆಯನ್ನು ರದ್ದುಪಡಿಸಿ ಜಮೀನನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಮಾಲೀಕರು ಹಕ್ಕುಳ್ಳವರಾಗಿರುತ್ತಾರೆ.